ನೆಚ್ಚಲಾಗದ ಮಳೆ, ನಿಲ್ಲದ ಬೆಲೆ: ಚಳ್ಳಕೆರೆ ಸೀಮೆಯ ಬೇಸಾಯದ ಮುಂದಾಲೋಚನೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಮಧ್ಯ ಒಣ ವಲಯಕ್ಕೆ ಸೇರಿವೆ. ಚಳ್ಳಕೆರೆಯ ವಾರ್ಷಿಕ ಸರಾಸರಿ ಮಳೆ 500 ಮಿ.ಮೀ. ಮುಟ್ಟುವುದಿಲ್ಲ. ನೇರ ಅಳತೆಯಲ್ಲಿ ಇಲ್ಲಿಂದ ಇನ್ನೂರು ಕಿ.ಮೀ.ಗಿಂತ ಹತ್ತಿರವೇ ಇರುವ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಮುಂಗಾರು ಮಾರುತ ತನ್ನ ನೀರನ್ನೆಲ್ಲ ಪಶ್ಚಿಮ ಘಟ್ಟದಲ್ಲಿ ಸುರಿಸಿ ಒಣಗಾಳಿಯಾಗಿ ಇತ್ತ ಬರುತ್ತದೆ. ಮಲೆನಾಡಿನಲ್ಲಿ ಹೊಳೆ ಉಕ್ಕಿಸುವ ಆರಿದ್ರಾ, ಪುನರ್ವಸು ಮಳೆಗಳ ದಿನಗಳಲ್ಲಿ ಈ ಸೀಮೆಯಲ್ಲಿ ಬೀಸುಗಾಳಿಯೇ ಹೆಚ್ಚು. ಇಲ್ಲಿನ ಮಳೆಗೆ ಎರಡು ಏರುಗಳಿವೆ: ಮೇ ತಿಂಗಳ ಗುಡುಗು ಮಳೆ ಸಣ್ಣದು, ಸೆಪ್ಟೆಂಬರ್–ಅಕ್ಟೋಬರ್‌ನ ಉತ್ತರೆ, ಹಸ್ತ, ಚಿತ್ತೆ ಮಳೆಗಳದು ದೊಡ್ಡದು. ನಡುವಿನ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಬಿತ್ತನೆಯ ಕಾಲ, ಅನಿಶ್ಚಿತತೆ ಇರುವುದೂ ಅಲ್ಲೇ.

ಒಟ್ಟು ಮಳೆ ಕಡಿಮೆ ಎನ್ನುವುದಕ್ಕಿಂತ ಅದು ವರ್ಷದಿಂದ ವರ್ಷಕ್ಕೆ, ಊರಿಂದ ಊರಿಗೆ ಏರುಪೇರಾಗುವುದು ದೊಡ್ಡ ತೊಡಕು. ಇದೇ ಜಿಲ್ಲೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿತ್ತು. ಮರುವರ್ಷವೇ, 2023ರ ಸೆಪ್ಟೆಂಬರ್‌ನಲ್ಲಿ, ರಾಜ್ಯ ಸರ್ಕಾರ ಮೊದಲ ಕಂತಿನಲ್ಲಿ ಬರಪೀಡಿತವೆಂದು ಘೋಷಿಸಿದ 195 ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಸೇರಿದ್ದವು. ಇಂಥ ಕಡೆ ಬರುವ ಹಂಗಾಮು ಹೇಗಿರುತ್ತದೆಂದು ಊಹಿಸಿ ಎಲ್ಲವನ್ನೂ ಅದರ ಮೇಲೆ ಹೂಡುವುದು ಅಪಾಯ. ತೀರ್ಮಾನಗಳನ್ನು ಕಂತುಕಂತಾಗಿ ಮುಂದಕ್ಕೆ ಹಾಕುತ್ತ, ಪ್ರತಿ ಕಂತಿನಲ್ಲೂ ಇನ್ನೊಂದು ದಾರಿ ಉಳಿಯುವಂತೆ ನೋಡಿಕೊಳ್ಳುವುದು ಒಣ ಬೇಸಾಯದ ಮೂಲಸೂತ್ರ.

ಮಳೆಗೆ ಮುಂಚೆ

ಮಳೆ ಹೇಗೇ ಬರಲಿ, ಕೆಲವು ಕೆಲಸಗಳು ವ್ಯರ್ಥವಾಗುವುದಿಲ್ಲ. ಮೊದಲನೆಯದು ಮಣ್ಣಿನ ಕೆಲಸ. ಈ ಭಾಗದ ಹೊಲಗಳಲ್ಲಿ ಹೆಚ್ಚಿನವು ಮರಳು ಮಿಶ್ರಿತ ಕೆಂಪು ನೆಲ, ಆಳ ಕಡಿಮೆ. ಇಂಥ ಮಣ್ಣಿನ ಮೇಲಿನ ಅರ್ಧ ಮೀಟರ್ ತುಂಬ ನೆನೆದರೂ ಬೆಳೆಗೆ ದಕ್ಕುವ ನೀರು ಸುಮಾರು 50 ಮಿ.ಮೀ. ಮಾತ್ರ. ಬೆಳೆದ ಪೈರು ದಿನಕ್ಕೆ 4–5 ಮಿ.ಮೀ. ನೀರು ಬಳಸುತ್ತದೆ. ಅಂದರೆ ಒಂದು ಒಳ್ಳೆಯ ಮಳೆ ಬೆಳೆಯನ್ನು ಹತ್ತು ಹನ್ನೆರಡು ದಿನ ಹಿಡಿದು ನಿಲ್ಲಿಸಬಲ್ಲದು, ಅದಕ್ಕಿಂತ ಹೆಚ್ಚಿಲ್ಲ. ಇಳಿಜಾರಿಗೆ ಅಡ್ಡಲಾಗಿ ಮಾಗಿ ಉಳುಮೆ ಮಾಡುವುದು, ಬದು ಸರಿಪಡಿಸುವುದು, ಕೆರೆಗೋಡು ಹೊಡೆಸುವುದು, ಕುರಿಮಂದೆ ತರುಬುವುದು ಇವೆಲ್ಲ ಆ ಹತ್ತು ದಿನವನ್ನು ಇನ್ನೂ ಒಂದೆರಡು ದಿನ ಎಳೆಯುವ ಉಪಾಯಗಳು. ಕುರಿ ಸಾಕಣೆ ಹೆಚ್ಚಿರುವ ಈ ಸೀಮೆಯಲ್ಲಿ ಕಾಳಿಗೋ ಹಣಕ್ಕೋ ಮಂದೆ ನಿಲ್ಲಿಸುವ ರೂಢಿ ಹಳೆಯದು. ಹಿಕ್ಕೆ, ಗಂಜಲ ಎರಡೂ ಮಣ್ಣಿಗೆ ಸೇರಿ ಸಾವಯವ ಅಂಶ ಹೆಚ್ಚುತ್ತದೆ, ನೀರು ಹಿಡಿಯುವ ಶಕ್ತಿಯೂ ಸುಧಾರಿಸುತ್ತದೆ.

ಎರಡನೆಯದು ಕೃಷಿ ಹೊಂಡ. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಐದು ಎಕರೆ ಹೊಲದ ಮೇಲೆ 30 ಮಿ.ಮೀ. ಮಳೆ ರಭಸವಾಗಿ ಸುರಿದು ಅದರಲ್ಲಿ ಐದನೇ ಒಂದು ಪಾಲು ಹರಿದು ಬಂದರೆ ಹೊಂಡಕ್ಕೆ 1.2 ಲಕ್ಷ ಲೀಟರ್ ಸೇರುತ್ತದೆ. ಒಂದು ಎಕರೆಗೆ 25 ಮಿ.ಮೀ.ನಷ್ಟು ರಕ್ಷಕ ನೀರು ಕೊಡಲು 1 ಲಕ್ಷ ಲೀಟರ್ ಬೇಕು. ಆದ್ದರಿಂದ ಒಂದು ಹರಿವು ಉಳಿಸುವುದು ಒಂದೇ ಎಕರೆಯನ್ನು. ಆ ಎಕರೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮುಂದಿನ ವರ್ಷದ ಬಿತ್ತನೆ ಬೀಜ ಬೆಳೆಯುವ ತುಣುಕಿಗೆ ಆ ನೀರು ಮೀಸಲಾದರೆ ಅದರ ಪ್ರಯೋಜನ ಎರಡು ಹಂಗಾಮಿಗೆ ಹರಿಯುತ್ತದೆ. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಕಾಗುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆ ಹೊಂಡದ ಜೊತೆಗೆ ಈ ಹೊದಿಕೆಗೂ ಸಹಾಯಧನ ನೀಡಿತು.

ಮೂರನೆಯದು ಬೀಜ. ಶೇಂಗಾ ಬೇಸಾಯದ ದೊಡ್ಡ ಖರ್ಚೆಂದರೆ ಬೀಜ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಲೆಕ್ಕದಲ್ಲಿ ಎಕರೆಗೆ ಸುಮಾರು 1.3 ಲಕ್ಷ ಗಿಡ ಕೂರುತ್ತವೆ. ನೂರು ಬೀಜ 35 ಗ್ರಾಂ ತೂಗಿದರೆ ಎಕರೆಗೆ 45 ಕಿಲೋ ಬೀಜ ಬೇಕು, ಸಿಪ್ಪೆ ಸಮೇತವಾದರೆ 64 ಕಿಲೋ. ಬೀಜವನ್ನು ಕಾಯಿಯಾಗಿಯೇ ಇಟ್ಟು ಬಿತ್ತನೆಯ ಹೊತ್ತಿಗೆ ಸುಲಿಯುವುದು ಕ್ಷೇಮ, ಏಕೆಂದರೆ ಸುಲಿದ ಬೀಜದ ಮೊಳಕೆ ಶಕ್ತಿ ಬೇಗ ಕುಗ್ಗುತ್ತದೆ. ಆರಿಸಿಕೊಳ್ಳದೆ ಕೈಗೆ ಬಂದ ನೂರು ಕಾಳನ್ನು ಒದ್ದೆ ಗೋಣಿಚೀಲದಲ್ಲಿ ಸಾಲಾಗಿ ಸುತ್ತಿ, ನೆರಳಲ್ಲಿಟ್ಟು, ಚೀಲ ಒಣಗದಂತೆ ನೀರು ಚಿಮುಕಿಸುತ್ತ ಬಂದರೆ ವಾರದೊಳಗೆ ಅದರ ಗುಣ ಗೊತ್ತಾಗುತ್ತದೆ. ಪ್ರಮಾಣಿತ ಶೇಂಗಾ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಶೇ. 70. ಅದಕ್ಕಿಂತ ಕಡಿಮೆ ಬಂದರೆ ಬೀಜ ಬದಲಿಸಲು ಇನ್ನೂ ಕಾಲಾವಕಾಶ ಇರುತ್ತದೆ.

ಬಿತ್ತನೆಯ ಕವಲುಗಳು

ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಕೊಡುವ ಮುನ್ಸೂಚನೆ ಇಡೀ ದೇಶದ ನಾಲ್ಕು ತಿಂಗಳ ಮಳೆಯ ಬಗ್ಗೆ. ಒಂದು ಹೊಲದ ಬಿತ್ತನೆಯ ದಿನವನ್ನು ಅದು ಹೇಳಲಾರದು. ಅದಕ್ಕೆ ನೆರವಾಗುವುದು ಐದು ದಿನಗಳ ಮುನ್ಸೂಚನೆ ಮತ್ತು ವಾರಕ್ಕೆರಡು ಬಾರಿ ಹೊರಡುವ ಕೃಷಿ ಹವಾಮಾನ ಸಲಹೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿದ ಮಳೆಮಾಪಕಗಳು, ಒಂದೇ ಹೋಬಳಿಯಲ್ಲಿ ಎಲ್ಲಿ ಎಷ್ಟು ಬಿತ್ತು ಎಂಬುದನ್ನು ತೋರಿಸುತ್ತವೆ. ಹೊಲದಲ್ಲಿ ಮಾತ್ರ ಕೊನೆಯ ಮಾತು ಹದದ್ದೇ. ಒಂದು ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆಯಾಗಿ, ಬೆರಳಿನಿಂದ ಮುಟ್ಟಿದರೆ ಪುಡಿಯಾಗಬೇಕು. ಮೇಲೆ ಮಾತ್ರ ನೆನೆದ ಹೊಲಕ್ಕೆ ಆತುರದಿಂದ ಕೂರಿಗೆ ಹೂಡಿದರೆ ಮೊಳಕೆ ಬಂದು ಸುಟ್ಟುಹೋಗುತ್ತದೆ.

ಹದ ಸಿಗುವ ದಿನಕ್ಕೆ ತಕ್ಕಂತೆ ಬೆಳೆ ಬದಲಿಸುವ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳುವುದಕ್ಕೆ ಆಪತ್ಕಾಲೀನ ಬೆಳೆ ಯೋಜನೆ ಎನ್ನುತ್ತಾರೆ. ಹೈದರಾಬಾದಿನ ಕೇಂದ್ರ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ ಇಂಥ ಯೋಜನೆಗಳನ್ನು ಜಿಲ್ಲಾವಾರು ರೂಪಿಸಿದೆ. ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರ ಈ ಸೀಮೆಗೆ ಹತ್ತಿರದ ಸಲಹಾ ತಾಣ. ಕೆಂಪು ನೆಲದಲ್ಲಿ ಈ ಪಟ್ಟಿ ಸ್ಥೂಲವಾಗಿ ಹೀಗಿರುತ್ತದೆ: ಜೂನ್‌ನಿಂದ ಜುಲೈ ಕೊನೆಯವರೆಗೆ, ಅಂದರೆ ಪುಷ್ಯ ಮಳೆಯೊಳಗೆ, ಹದ ಸಿಕ್ಕರೆ ತೊಗರಿಯ ಅಕ್ಕಡಿ ಸಾಲಿನೊಂದಿಗೆ ಶೇಂಗಾ; ಆಶ್ಲೇಷ ಮಳೆಗೆ ಸರಿದರೆ ಸುಮಾರು 80–90 ದಿನದ ಸಜ್ಜೆ, ನವಣೆ; ಮಘೆ, ಹುಬ್ಬೆಗೆ ಹೋದರೆ ಹುರುಳಿ, ಅಲಸಂದೆ. ಶೇಂಗಾಕ್ಕೆ ಹಾಕುವ ಬಂಡವಾಳದ ಒಂದು ಸಣ್ಣ ಪಾಲಿನಲ್ಲಿ ಹುರುಳಿ ಬಿತ್ತಬಹುದು, ಕಾಳು ಕಟ್ಟದಿದ್ದರೂ ಮೇವು ಸಿಗುತ್ತದೆ. ನವಣೆ, ಹುರುಳಿಯ ಬೀಜ ಸೇರುಗಟ್ಟಲೆಯಷ್ಟಾದರೂ ಮನೆಯಲ್ಲಿರಬೇಕು. ಮಳೆ ತಡವಾದಾಗ ಎಲ್ಲರೂ ಒಮ್ಮೆಗೇ ಹುಡುಕುವ ಬೀಜ ಅದೇ.

ಶೇಂಗಾದೊಳಗೂ ಆಯ್ಕೆಗಳಿವೆ. 1940ರ ಹೊತ್ತಿಗೆ ಬಿಡುಗಡೆಯಾದ ಟಿಎಂವಿ-2 ತಳಿ ಹಲವು ದಶಕ ಈ ಭಾಗವನ್ನು ಆಳಿತು. ಇಕ್ರಿಸ್ಯಾಟ್‌ನ ಐಸಿಜಿವಿ 91114 ಸುಮಾರು 95 ದಿನಕ್ಕೆ ಬಲಿತು ಕೊನೆಗಾಲದ ಬರದಿಂದ ತಪ್ಪಿಸಿಕೊಳ್ಳುತ್ತದೆ. ಧಾರವಾಡದ ಜಿಪಿಬಿಡಿ-4 ಎಲೆಚುಕ್ಕೆ ಮತ್ತು ತುಕ್ಕು ರೋಗಗಳನ್ನು ತಡೆಯುತ್ತದೆ, ಆದ್ದರಿಂದ ಮಳೆ ಹೆಚ್ಚಾದ ವರ್ಷ ಅದಕ್ಕೇ ಅನುಕೂಲ. ಹೊಲವನ್ನು ಎರಡು ತಳಿಗಳಿಗೆ, ಎರಡು ಬಿತ್ತನೆಗಳಿಗೆ ಹಂಚಿದರೆ ಒಂದೇ ಒಣ ಅವಧಿ ಎಲ್ಲವನ್ನೂ ಸೂಕ್ಷ್ಮ ಹಂತದಲ್ಲಿ ಹಿಡಿಯುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಮೊದಲ ಬಿತ್ತನೆಯಲ್ಲಿ ಬೆಳೆದ ಕೀಟ ಎರಡನೆಯದಕ್ಕೆ ದಾಟುತ್ತದೆ. ಅಕ್ಕಡಿ ತೊಗರಿಯ ಲೆಕ್ಕ ಬೇರೆ. ಅದರ ಬೇರು ಆಳಕ್ಕಿಳಿಯುತ್ತದೆ, ಬೆಳೆ ಸುಮಾರು ಆರು ತಿಂಗಳು ನಿಲ್ಲುತ್ತದೆ. ಶೇಂಗಾ ಕಿತ್ತ ಮೇಲೆ ಬರುವ ಚಿತ್ತೆ, ಸ್ವಾತಿ ಮಳೆಗಳು ಅದಕ್ಕೆ ದಕ್ಕುತ್ತವೆ.

ಬೆಳೆಯ ನಡುವೆ

ಒಣ ಅವಧಿ ಯಾವ ಹಂತದಲ್ಲಿ ಬಂತು ಎನ್ನುವುದರ ಮೇಲೆ ನಷ್ಟ ನಿಂತಿದೆ. ಬಿತ್ತಿದ ಮೂರು ವಾರದ ಸುಮಾರಿಗೆ ಬರುವ ಸಣ್ಣ ಒಣ ಅವಧಿಯನ್ನು ಶೇಂಗಾ ತಾಳಿಕೊಳ್ಳುತ್ತದೆ. ಆಮೇಲೆ ಮಳೆ ಬಂದರೆ ಹೂಗಳು ಒಟ್ಟಿಗೆ ಬಿಟ್ಟು ಇಳುವರಿಗೆ ಅನುಕೂಲವಾಗುವುದೂ ಉಂಟು. ಆಪತ್ತಿರುವುದು 40–45 ದಿನದ ನಂತರ. ಪರಾಗಸ್ಪರ್ಶವಾದ ಹೂವಿನಿಂದ ಹೊರಟ ಊಡು ನೆಲಕ್ಕೆ ಬಾಗಿ, ಮಣ್ಣು ತೂರಿ ಒಳಗಿಳಿದರೆ ಮಾತ್ರ ಕಾಯಿ. ಮೇಲ್ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಊಡು ಹೊರಗೇ ಬಾಡುತ್ತದೆ. ಕಾಯಿಗೆ ಬೇಕಾದ ಸುಣ್ಣಾಂಶ ಬೇರಿನ ಮೂಲಕ ಬರುವುದಿಲ್ಲ, ಬೆಳೆಯುವ ಕಾಯಿಯೇ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಅನ್ನು ಈ ಹಂತದಲ್ಲಿ ಗಿಡದ ಬುಡಕ್ಕೇ ಕೊಡಲು ಕಾರಣ ಇದು. ಅಲ್ಲಿಯವರೆಗೆ ಎಡೆಕುಂಟೆ ಹೊಡೆದು ಮೇಲ್ಪದರ ಸಡಿಲವಾಗಿ ಇಟ್ಟುಕೊಳ್ಳಬೇಕು, ಊಡು ಇಳಿದ ಮೇಲೆ ಕುಂಟೆ ಹೊಲಕ್ಕಿಳಿಯಬಾರದು.

ಕೀಟ ರೋಗಗಳೂ ಹವೆಯನ್ನು ಹಿಂಬಾಲಿಸುತ್ತವೆ. ಒಣಗಿದಾಗ ಎಲೆ ಸುರುಳಿ ಪೂಚಿ, ಮೋಡ ಕವಿದು ತೇವ ನಿಂತಾಗ ತಿಕ್ಕಾ ರೋಗ. 2000ನೇ ಇಸವಿಯಲ್ಲಿ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಕಾಂಡ ಸಾಯುವ ನಂಜುರೋಗ ಸುಮಾರು 2.25 ಲಕ್ಷ ಹೆಕ್ಟೇರ್ ಶೇಂಗಾವನ್ನು ಆವರಿಸಿತು. ಪಾರ್ಥೇನಿಯಂ ಗಿಡದ ಪರಾಗದಲ್ಲಿದ್ದ ನಂಜನ್ನು ಥ್ರಿಪ್ಸ್ ನುಸಿಗಳು ಬೆಳೆಗೆ ಮುಟ್ಟಿಸಿದ್ದವು. ಬದುವಿನ ಪಾರ್ಥೇನಿಯಂ ಅನ್ನು ಹೂ ಬಿಡುವ ಮುನ್ನ ಕೀಳುವುದು, ಹೊಲದ ಸುತ್ತ ಸಜ್ಜೆ ಅಥವಾ ಜೋಳದ ನಾಲ್ಕಾರು ಸಾಲು ಬೇಲಿಯಂತೆ ಬಿತ್ತುವುದು ಆ ಅನುಭವದಿಂದ ಬಂದ ಕ್ರಮಗಳು.

ಕೊಯ್ಲಿನಿಂದ ಮಾರುಕಟ್ಟೆಗೆ

ಶೇಂಗಾದ ಬಲದಿಂದ ಚಳ್ಳಕೆರೆ ಎಣ್ಣೆ ನಗರ ಎನಿಸಿಕೊಂಡಿತು. ಹಿಂದೆ ಸೀಮೆಗೆ ಬರ ಬಂದು ಇಳುವರಿ ಕುಸಿದರೆ ಬೆಲೆ ಏರುತ್ತಿತ್ತು, ಕಳೆದುಕೊಂಡದ್ದರಲ್ಲಿ ಒಂದಿಷ್ಟು ಹಾಗೆ ಕೈಸೇರುತ್ತಿತ್ತು. 1994ರಲ್ಲಿ ಪಾಮೊಲಿನ್ ಆಮದಿನ ನಿರ್ಬಂಧ ಸಡಿಲಗೊಂಡ ನಂತರ ಆ ಕೊಂಡಿ ಕಳಚಿತು. ಭಾರತ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಹೊರಗಿನದು. ಮಲೇಷ್ಯಾ, ಇಂಡೊನೇಷ್ಯಾದ ತಾಳೆ ತೋಟ ಮತ್ತು ದೆಹಲಿಯ ಸುಂಕದ ಆದೇಶ ಎರಡೂ ಚಳ್ಳಕೆರೆಯ ಹರಾಜಿನ ಕಟ್ಟೆಯವರೆಗೆ ಬರುತ್ತವೆ. ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕ 2024ರ ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ ಶೇ. 20ಕ್ಕೆ ಏರಿ, 2025ರ ಮೇ ಕೊನೆಗೆ ಶೇ. 10ಕ್ಕೆ ಇಳಿಯಿತು. ಬೆಳೆಯೂ ಹೋಗಿ ಬೆಲೆಯೂ ಏರದ ವರ್ಷ ಬರಬಹುದೆಂದು ಎಣಿಸಿಯೇ ಲೆಕ್ಕ ಹಾಕಬೇಕಾಗಿದೆ.

ಆ ಲೆಕ್ಕ ಬಿತ್ತುವ ಮುನ್ನವೇ ಆಗಬೇಕು. ಎಕರೆಗೆ 21,000 ರೂಪಾಯಿ ಖರ್ಚು ಎಂದಿಟ್ಟುಕೊಂಡರೆ, ಕ್ವಿಂಟಲ್‌ಗೆ 7,000 ರೂಪಾಯಿ ಸಿಕ್ಕಾಗ ಅಸಲು ಹುಟ್ಟಲು 3 ಕ್ವಿಂಟಲ್ ಬೇಕು, 5,000ಕ್ಕೆ ಇಳಿದಾಗ 4.2 ಕ್ವಿಂಟಲ್. ತನ್ನ ಹೊಲದ ಹಿಂದಿನ ಐದಾರು ವರ್ಷದ ಇಳುವರಿಯನ್ನು ಈ ಎರಡು ಅಂಕಿಗಳ ಪಕ್ಕ ಇಟ್ಟು ನೋಡಿದರೆ ಎಷ್ಟು ಎಕರೆಗೆ ಶೇಂಗಾ, ಎಷ್ಟಕ್ಕೆ ಕಡಿಮೆ ಖರ್ಚಿನ ಬೆಳೆ ಎಂಬುದು ಸ್ಪಷ್ಟವಾಗುತ್ತದೆ. 2025–26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಶೇಂಗಾಕ್ಕೆ 7,263, ತೊಗರಿಗೆ 8,000, ರಾಗಿಗೆ 4,886 ರೂಪಾಯಿ. ಖರೀದಿ ಕೇಂದ್ರ ತೆರೆದು, ನೋಂದಣಿ ಆಗಿ, ಮಾಲು ಗುಣಮಟ್ಟಕ್ಕೆ ಹೊಂದಿದರೆ ಮಾತ್ರ ಆ ಬೆಲೆ ಕೈಗೆ ಬರುತ್ತದೆ.

ಈರುಳ್ಳಿ, ಟೊಮೆಟೊದ ಏರಿಳಿತಕ್ಕೆ ಕಾರಣ ಬೇರೆ. ಈ ವರ್ಷ ಬೆಲೆ ಏರಿದರೆ ಮುಂದಿನ ಹಂಗಾಮಿಗೆ ಎಲ್ಲರೂ ಅದನ್ನೇ ನೆಡುತ್ತಾರೆ, ಮಾಲು ಒಟ್ಟಿಗೆ ಬಂದು ಬೆಲೆ ಬೀಳುತ್ತದೆ, ಮರುವರ್ಷ ಕೈಬಿಡುತ್ತಾರೆ, ಬೆಲೆ ಮತ್ತೆ ಏರುತ್ತದೆ. ಮುಂಗಾರಿನ ಈರುಳ್ಳಿಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಕೂಡಿಟ್ಟು ಕಾಯುವಂತೆಯೂ ಇಲ್ಲ. ಸಾಲದ್ದಕ್ಕೆ 2023ರ ಡಿಸೆಂಬರ್‌ನಿಂದ 2024ರ ಮೇವರೆಗೆ ಇದ್ದಂಥ ರಫ್ತು ನಿಷೇಧಗಳು ಯಾವಾಗ ಬೇಕಾದರೂ ಎರಗಬಹುದು. ಕಳೆದ ವರ್ಷದ ಬೆಲೆ ನೋಡಿ ಈ ವರ್ಷದ ವಿಸ್ತೀರ್ಣ ಹೆಚ್ಚಿಸದಿರುವುದು, ಕೊಳವೆಬಾವಿ ಕೊನೆಯವರೆಗೆ ಕೈಕೊಡದು ಎನ್ನುವಷ್ಟಕ್ಕೇ ನಾಟಿ ನಿಲ್ಲಿಸುವುದು ಇಲ್ಲಿ ಜಾಣತನ.

ಶೇಂಗಾವನ್ನು ಕೂಡಿಟ್ಟು ಕಾದು ಮಾರಬಹುದು, ಚೆನ್ನಾಗಿ ಒಣಗಿದ್ದರೆ. ಕಾಯಿಯ ತೇವ ಶೇ. 8ರ ಆಸುಪಾಸಿಗೆ ಇಳಿದಾಗ ಅಲುಗಾಡಿಸಿದರೆ ಕಾಳು ಗಲಗಲ ಎನ್ನುತ್ತದೆ, ಉಜ್ಜಿದರೆ ಹೊಟ್ಟು ಕಳಚುತ್ತದೆ. ಕಾಯಿ ಬಲಿಯುವಾಗ ಬರ ಬಿದ್ದರೂ, ಕಿತ್ತ ಬಳ್ಳಿ ಮಳೆಗೆ ನೆನೆದರೂ ಆಸ್ಪರ್ಜಿಲಸ್ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಒಡೆದ, ಹುಳು ಕೊರೆದ ಕಾಯಿಗಳನ್ನು ಮೊದಲೇ ಬೇರ್ಪಡಿಸಿದರೆ ಅಪಾಯ ಬಹುಪಾಲು ತಗ್ಗುತ್ತದೆ, ಹರಾಜಿನಲ್ಲಿ ಹಿಡಿ ಕಾಯಿ ಸುಲಿದು ನೋಡುವ ವರ್ತಕನೂ ಹೆಚ್ಚು ಕೂಗುತ್ತಾನೆ. ಮಾಲನ್ನು ಉಗ್ರಾಣದಲ್ಲಿಟ್ಟು ರಶೀದಿಯ ಮೇಲೆ ಸಾಲ ಪಡೆದರೆ ಕೈಸಾಲ ತೀರಿಸಲು ಕೊಯ್ಲಿನ ವಾರದಲ್ಲೇ ಮಾರುವ ಒತ್ತಡ ಇರುವುದಿಲ್ಲ.

ವಿಮೆ ಮತ್ತು ಉಳಿಕೆ

2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಪ್ರಮುಖ ಬೆಳೆಗಳ ನಷ್ಟವನ್ನು ಅಳೆಯುವುದು ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯಿಂದ. ಪಂಚಾಯಿತಿಯ ಉಳಿದ ಹೊಲಗಳು ಚೆನ್ನಾಗಿದ್ದರೆ ಒಬ್ಬನ ಹೊಲ ಒಣಗಿದ್ದಕ್ಕೆ ಪರಿಹಾರ ಸಿಗದು. ಇನ್ನೊಂದು ಎಚ್ಚರ: ಮಳೆ ತಡವಾಗಿ ಶೇಂಗಾ ಬಿಟ್ಟು ನವಣೆ ಬಿತ್ತಿದಾಗ ವಿಮೆಯಲ್ಲಿ ಬರೆಸಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಆಲಿಕಲ್ಲಿನಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು.

ವಿಮೆಯ ಹಣ ಬರುವುದು ನಿಧಾನ. ಅಲ್ಲಿಯವರೆಗೆ ಕುಟುಂಬವನ್ನು ನಡೆಸುವುದು ಮನೆಯಲ್ಲಿನ ಉಳಿಕೆ: ಒಂದು ವರ್ಷದ ರಾಗಿ ಅಥವಾ ನವಣೆ, ಬಣವೆಯಲ್ಲಿ ಶೇಂಗಾ ಹೊಟ್ಟು, ಹಟ್ಟಿಯಲ್ಲಿ ನಾಲ್ಕಾರು ಕುರಿ. ಮೇವು ಇದ್ದರೆ ಬರಗಾಲದ ಅಗ್ಗದ ಸಂತೆಯಲ್ಲಿ ಕುರಿ ಮಾರುವ ಗತಿ ಬರುವುದಿಲ್ಲ, ಬೀಜ ಇದ್ದರೆ ಮುಂದಿನ ಹದಕ್ಕೆ ಸಾಲ ಎತ್ತಬೇಕಿಲ್ಲ. ಆದ್ದರಿಂದ ಒಳ್ಳೆಯ ವರ್ಷದ ಫಸಲಿನಲ್ಲಿ ಮೊದಲ ಪಾಲು ಬೀಜಕ್ಕೆ, ಎರಡನೆಯದು ಕಾಳು ಮೇವಿಗೆ, ಮೂರನೆಯದು ಸಾಲಕ್ಕೆ ಸಲ್ಲಬೇಕು. ಮಾರುಕಟ್ಟೆಗೆ ಹೋಗಬೇಕಾದದ್ದು ಇಷ್ಟಾದ ಮೇಲೆ ಮಿಕ್ಕಿದ್ದು ಮತ್ತು ಸಾಲ ತೀರಿಸಲು ಬೇಕಾದಷ್ಟು.