ಗ್ಯಾಲಕ್ಸಿಗಳ ನಡುವಿನ ಬಿಸಿ

ಗ್ಯಾಲಕ್ಸಿಗಳು ಒಂಟಿಯಾಗಿರುವುದು ಕಡಿಮೆ. ನಮ್ಮ ಹಾಲುಹಾದಿ ಕೂಡ ಆಂಡ್ರೊಮೀಡಾ ಮತ್ತು ಹತ್ತಾರು ಪುಟ್ಟ ಗ್ಯಾಲಕ್ಸಿಗಳಿರುವ ಗುಂಪಿಗೆ ಸೇರಿದೆ. ನೂರಾರು, ಸಾವಿರಾರು ಗ್ಯಾಲಕ್ಸಿಗಳ ಭಾರೀ ಗೊಂಚಲುಗಳಲ್ಲಿ ಬಿಸಿ ಅನಿಲ ತುಂಬಿರುವುದು 1970ರ ದಶಕದಲ್ಲೇ ಗೊತ್ತಿತ್ತು. ಬೆರಳೆಣಿಕೆಯ ಗ್ಯಾಲಕ್ಸಿಗಳ ಗುಂಪಿನಲ್ಲೂ ಅದು ಇದೆಯೇ? 1990ರಲ್ಲಿ ಹಾರಿದ ರೋಸಾಟ್ ಉಪಗ್ರಹ ಎನ್‌ಜಿಸಿ 2300 ಎಂಬ ಗುಂಪನ್ನು ನೋಡಿ ಕೊಟ್ಟ ಉತ್ತರ 1993ರಲ್ಲಿ ಪ್ರಕಟವಾಯಿತು: ಇದೆ, ಸುಮಾರು 1 ಕೋಟಿ ಡಿಗ್ರಿ ಬಿಸಿಯಲ್ಲಿ.

ಗುರುತ್ವದ ಸೆಳೆತಕ್ಕೆ ಸಿಕ್ಕಿ ಒಳಬೀಳುವ ಅನಿಲ ಡಿಕ್ಕಿ ಹೊಡೆದು ಹೀಗೆ ಕಾಯುತ್ತದೆ. ಅಷ್ಟು ಬಿಸಿಯಾದದ್ದು ಸೂಸುವುದು ಕ್ಷ-ಕಿರಣವನ್ನು. ಭೂಮಿಯ ಗಾಳಿ ಅದನ್ನು ಹೀರಿಬಿಡುವುದರಿಂದ ದೂರದರ್ಶಕ ಬಾಹ್ಯಾಕಾಶಕ್ಕೇ ಹೋಗಬೇಕು. ಅಲ್ಲಿಯೂ ಮಾಮೂಲಿ ಕನ್ನಡಿ ನಡೆಯದು. ನೇರ ಬಿದ್ದ ಕ್ಷ-ಕಿರಣ ಕನ್ನಡಿಯೊಳಗೇ ಇಂಗಿಹೋಗುತ್ತದೆ. ಹಾಗಾಗಿ ಕೊಳವೆಯಾಕಾರದ ಕನ್ನಡಿಗಳನ್ನು ಒಂದರೊಳಗೊಂದು ಕೂರಿಸಿ, ಕಿರಣಗಳು ಅವುಗಳ ಮೈ ಸವರಿಕೊಂಡು ಹೋಗುವಂತೆ ಮಾಡುತ್ತಾರೆ.

ಅನಿಲದ ಬಿಸಿ ಗೊತ್ತಾದರೆ ಗುಂಪಿನ ತೂಕವೂ ಗೊತ್ತಾಗುತ್ತದೆ. ಇಷ್ಟು ಕಾದದ್ದು ಚದುರಿಹೋಗದೆ ನಿಂತಿದೆ ಎಂದರೆ ಹಿಡಿದಿಡುವ ಗುರುತ್ವ ಬೇಕಷ್ಟೆ. ಕಾಣುವ ನಕ್ಷತ್ರಗಳು ಅದಕ್ಕೆ ಏನೇನೂ ಸಾಲವು. ಎನ್‌ಜಿಸಿ 2300ರಲ್ಲಿಯೂ ಲೆಕ್ಕ ಕಾಣದ ದ್ರವ್ಯದತ್ತಲೇ ಕೈತೋರಿತು.

ಆದರೆ ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಕನ್ಯಾ ರಾಶಿಯ ದಿಕ್ಕಿನಲ್ಲಿ ಸುಮಾರು 10.5 ಕೋಟಿ ಜ್ಯೋತಿರ್ವರ್ಷ ದೂರವಿರುವ ಎನ್‌ಜಿಸಿ 5813 ಗುಂಪು. 1999ರಲ್ಲಿ ಹಾರಿದ ಚಂದ್ರ ದೂರದರ್ಶಕ (ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನದು) ಇದನ್ನು ಒಟ್ಟು ಒಂದು ವಾರಕ್ಕೂ ಮಿಕ್ಕಿ ದಿಟ್ಟಿಸಿತು. ಅನಿಲದಲ್ಲಿ ಮೂರು ಜೋಡಿ ಪೊಳ್ಳುಗಳು ಕಂಡವು. ನಡುವಿನ ಗ್ಯಾಲಕ್ಸಿಯ ಕಪ್ಪುಕುಳಿ ಕಳೆದ ಸುಮಾರು 5 ಕೋಟಿ ವರ್ಷಗಳಲ್ಲಿ ಮತ್ತೆ ಮತ್ತೆ ಸಿಡಿದು, ಎರಡೂ ಬದಿಗೆ ಅನಿಲವನ್ನು ತಳ್ಳಿ ಮಾಡಿದ ಗುಳ್ಳೆಗಳಿವು. ಪ್ರತಿ ಸಿಡಿತಕ್ಕೂ ಒಂದು ಆಘಾತ ತರಂಗ, ಅದರದೇ ಗುರುತು. ಕ್ಷ-ಕಿರಣ ಸೂಸಿ ತಣ್ಣಗಾಗುವ ಅನಿಲ ಕುಸಿದು ಹೊಸ ನಕ್ಷತ್ರಗಳಾಗಬೇಕಿತ್ತು. ಈ ತರಂಗಗಳು ಕೊಟ್ಟ ಬಿಸಿಯೇ ಆ ನಷ್ಟವನ್ನು ತುಂಬಲು ಸಾಕಾಗುತ್ತದೆ ಎಂದು ಲೆಕ್ಕ ಹೇಳುತ್ತದೆ.

ಇದೇ ಸಿಡಿತ ದೊಡ್ಡ ಗೊಂಚಲಿನಲ್ಲಾದರೆ ಅನಿಲ ಅಲುಗಿ ಅಲ್ಲೇ ಉಳಿದೀತು. ಗುಂಪಿನ ಗುರುತ್ವ ಅಷ್ಟು ಆಳದ್ದಲ್ಲ. ಕೊಪ್ಪರಿಗೆಯ ನೀರಿಗೂ ತಟ್ಟೆಯ ನೀರಿಗೂ ಒಂದೇ ಏಟು ಕೊಟ್ಟರೆ ಚೆಲ್ಲುವುದು ಯಾವುದು ಎಂದು ಹೇಳಬೇಕಿಲ್ಲ. ಗುಂಪುಗಳಲ್ಲಿ, ಅದರಲ್ಲೂ ನಡುಭಾಗದಲ್ಲಿ, ಅನಿಲದ ಪಾಲು ಗೊಂಚಲುಗಳಿಗಿಂತ ಕಡಿಮೆ ಇರುವುದಕ್ಕೆ ಇದು ಮುಖ್ಯ ಕಾರಣವೆಂದು ಬಹುತೇಕ ಖಗೋಳ ವಿಜ್ಞಾನಿಗಳು ಒಪ್ಪುತ್ತಾರೆ.

ಇಲ್ಲೊಂದು ಇಕ್ಕಟ್ಟಿದೆ. ಅನಿಲವನ್ನು ಉಳಿಸಿಕೊಂಡ ಗುಂಪು ಹೊಳೆಯುತ್ತದೆ, ಸುಲಭವಾಗಿ ಪಟ್ಟಿಗೆ ಸೇರುತ್ತದೆ. ಹೆಚ್ಚು ಕಳೆದುಕೊಂಡದ್ದು ಮಂಕಾಗಿ ಕಣ್ತಪ್ಪುತ್ತದೆ. ಎಷ್ಟು ಅನಿಲ ಹೊರಬಿದ್ದಿದೆ ಎಂಬ ಪ್ರಶ್ನೆಗೆ ಬೇಕಾದ ಸಾಕ್ಷಿಗಳೇ ಹಾಗೆ ಎಣಿಕೆಯಿಂದ ಹೊರಗುಳಿಯುತ್ತವೆ. 2019ರಲ್ಲಿ ಹಾರಿ ಇಡೀ ಆಕಾಶವನ್ನು ಜಾಲಾಡಿದ ಇರೋಸಿಟಾ ಎಂಬ ಕ್ಷ-ಕಿರಣ ದೂರದರ್ಶಕದ ಚಿತ್ರಗಳಲ್ಲಿ ಈಗ ಹುಡುಕುತ್ತಿರುವುದು ಇಂಥವನ್ನೇ: ಒಂದೊಂದಾಗಿ ಕಾಣದ ಮಂಕು ಗುಂಪುಗಳ ಚಿತ್ರಗಳನ್ನು ನೂರಾರು ಸಂಖ್ಯೆಯಲ್ಲಿ ಒಂದರ ಮೇಲೊಂದು ಪೇರಿಸಿ, ಒಟ್ಟು ಬೆಳಕನ್ನು ಅಳೆಯುತ್ತಾರೆ.