ಮಡಿಚುವ ಚಾಕುವಿಗೆ ಹೊಸ ಹಿಡಿ

ಅಡುಗೆಮನೆಯ ಚಾಕುವಿನ ಹಿಡಿ ಒಡೆದರೆ ಎರಡು ತುಂಡು ಮರ, ಮೂರು ರಿವೆಟ್ ಇದ್ದರೆ ಕೆಲಸ ಮುಗಿಯುತ್ತದೆ. ಹಳೆಯ ಮಾದರಿಯ ಮಡಿಚುವ ಚಾಕು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಲಗನ್ನೂ ಸ್ಪ್ರಿಂಗನ್ನೂ ಹಿಡಿದಿಟ್ಟಿರುವ ಮೊಳೆಗಳು ಹಾದುಹೋಗುವುದು ಹಿಡಿಯ ಮೂಲಕವೇ. ಸೀಳಿದ ಒಂದು ಎಲುಬಿನ ಹೋಳನ್ನು ಬದಲಿಸಲು ಹೊರಟವರು ಎಷ್ಟೋ ಸಲ ಇಡೀ ಚಾಕುವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

ಈ ರಚನೆ ರೂಪುಗೊಂಡದ್ದು ಮುಖ್ಯವಾಗಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಅಲ್ಲಿನ ಚಾಕು ಕಸುಬಿನವರ ಸಂಘ 1624ರಷ್ಟು ಹಳೆಯದು. ಬೆನ್ನಿನಲ್ಲಿ ಸ್ಪ್ರಿಂಗ್ ಇರುವ ಜೇಬುಚಾಕು 17ನೇ ಶತಮಾನದಿಂದ ಆ ಊರಿನ ಹೆಸರಿನ ಜೊತೆಗೇ ಬೆಳೆಯಿತು. ಜರ್ಮನಿಯ ಜೋಲಿಂಗನ್ ಮತ್ತು ಅಮೆರಿಕದ ಕಾರ್ಖಾನೆಗಳು ಹಿಡಿದದ್ದೂ ಇದೇ ದಾರಿಯನ್ನು. ಎರಡು ತೆಳು ಒಳತಗಡುಗಳು, ಸಾಮಾನ್ಯವಾಗಿ ಹಿತ್ತಾಳೆಯವು. ಅವುಗಳ ನಡುವೆ ಒಂದು ತುದಿಯಲ್ಲಿ ಅಲಗು, ಬೆನ್ನಿನುದ್ದಕ್ಕೂ ಉಕ್ಕಿನ ಸ್ಪ್ರಿಂಗ್ ಪಟ್ಟಿ. ತಗಡಿನ ಹೊರಮೈಯ ತುದಿಯಲ್ಲಿ ಬೋಲ್‌ಸ್ಟರ್ ಎಂಬ ಲೋಹದ ಗಟ್ಟಿ, ಉಳಿದ ಜಾಗದಲ್ಲಿ ಎಲುಬು, ಕೊಂಬು ಅಥವಾ ಮರದ ಹೋಳು. ಅಲಗು ತಿರುಗುವ ಮೊಳೆ ಬೋಲ್‌ಸ್ಟರ್ ಒಳಗೆ ಹಾದಿರುತ್ತದೆ. ಸ್ಪ್ರಿಂಗನ್ನು ಹಿಡಿಯುವ ನಡುಮೊಳೆ ಮಾತ್ರ ಸಾಮಾನ್ಯವಾಗಿ ಹೋಳನ್ನೇ ತೂರಿಕೊಂಡು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಇವುಗಳ ಜೊತೆಗೆ ಹೋಳನ್ನು ತಗಡಿಗಷ್ಟೇ ಕಚ್ಚಿಸುವ ಗಿಡ್ಡ ಮೊಳೆಗಳೂ ಇರುತ್ತವೆ. ಅವುಗಳ ತಲೆ ತಗಡಿನ ಒಳಮೈಯಲ್ಲಿ ಅಡಗಿರುವುದರಿಂದ ಹೊರಗಿನಿಂದ ಅವು ಕೈಗೆ ಸಿಗುವುದಿಲ್ಲ.

ಹಿಡಿ ಕೆಡುವ ಬಗೆ ಅದು ಯಾವುದರಿಂದ ಆಗಿದೆ ಎಂಬುದರ ಮೇಲೆ ನಿಂತಿದೆ. ದನದ ಕಾಲಿನ ಎಲುಬು ಗಟ್ಟಿ, ಆದರೆ ಪೆಡಸು. ಬಿರುಕು ಬಹುಪಾಲು ಮೊಳೆಯ ತೂತಿನಿಂದಲೇ ಹೊರಡುತ್ತದೆ. ಮೊಳೆ ಕಬ್ಬಿಣದ್ದಾಗಿದ್ದರೆ ತುಕ್ಕು ಉಬ್ಬಿ ಎಲುಬನ್ನು ಒಳಗಿನಿಂದ ಸೀಳುತ್ತದೆ. ಎಮ್ಮೆಯ ಕೊಂಬು ಒಣಗಿ ಕುಗ್ಗುತ್ತದೆ, ಪದರಪದರವಾಗಿ ಏಳುತ್ತದೆ, ಹುಳುವೂ ತಿನ್ನುತ್ತದೆ. ಮರ ತೇವಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಮುತ್ತಿನ ಚಿಪ್ಪು ಕೆಳಗೆ ಬಿದ್ದರೆ ಚೂರಾಗುತ್ತದೆ.

ನಿಜವಾಗಿ ಅವಸರ ಮಾಡಬೇಕಾದದ್ದು ಸೆಲ್ಯುಲಾಯ್ಡ್ ಹಿಡಿಯ ವಿಷಯದಲ್ಲಿ. 1870ರ ಸುಮಾರಿಗೆ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಬಳಕೆಗೆ ತಂದ ಈ ಪ್ಲಾಸ್ಟಿಕ್ ಸೆಲ್ಯುಲೋಸ್ ನೈಟ್ರೇಟ್ ಮತ್ತು ಕರ್ಪೂರದ ಮಿಶ್ರಣ. ಆಮೆಚಿಪ್ಪು, ದಂತ, ಚಿಪ್ಪು ಎಲ್ಲದರ ವೇಷವನ್ನೂ ಅದು ಹಾಕಬಲ್ಲದಾಗಿತ್ತು. 20ನೇ ಶತಮಾನದ ಮೊದಲರ್ಧದ ಅಗ್ಗದ, ಬಣ್ಣಬಣ್ಣದ ಚಾಕುಗಳ ಮೇಲೆಲ್ಲ ಅದೇ. ವಯಸ್ಸಾದಂತೆ ಅದು ತಾನಾಗಿಯೇ ಒಡೆದು ನೈಟ್ರೋಜನ್ ಆಕ್ಸೈಡ್ ಅನಿಲಗಳನ್ನು ಬಿಡುತ್ತದೆ. ಗಾಳಿಯ ತೇವ ಸೇರಿದರೆ ಅದೇ ನೈಟ್ರಿಕ್ ಆಮ್ಲ. ಒಳತಗಡಿನ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಅಲಗನ್ನು ಬಿಚ್ಚಿ ನೋಡಿದರೆ ಹಿಡಿಯೊಳಗೆ ಮಡಿಚಿಕೊಂಡಿದ್ದ ಭಾಗ ಮಾತ್ರ ತುಕ್ಕು ತಿಂದು, ಹೊರಗೆ ಉಳಿದ ಬೆನ್ನು ಹೊಳೆಯುತ್ತಿರುತ್ತದೆ. ಹೀಗೆ ಕಂಡರೆ ಅನುಮಾನವೇ ಬೇಡ. ಒಂದೇ ಪೆಟ್ಟಿಗೆಯಲ್ಲಿರುವ ಬೇರೆ ಚಾಕುಗಳಿಗೂ ಈ ಅನಿಲ ತಗಲುವುದರಿಂದ ಅಂಥದ್ದನ್ನು ಮೊದಲು ಪ್ರತ್ಯೇಕಿಸಬೇಕು. ಹಿಡಿ ತೆಗೆಯುವಾಗ ಬಿಸಿಯಾಗುವ ಉಪಕರಣ ಸಲ್ಲದು. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಅದರ ಪುಡಿ ಇನ್ನೂ ಅಪಾಯ.

ಉಳಿದ ಎಲ್ಲ ಹಿಡಿಗಳ ವಿಷಯದಲ್ಲಿ ಮೊದಲ ಪ್ರಶ್ನೆ, ಬದಲಿಸಲೇಬೇಕೇ ಎಂಬುದು. ಕೂದಲೆಳೆಯ ಬಿರುಕಿದ್ದೂ ಹೋಳು ಅಲುಗಾಡದಿದ್ದರೆ ತೆಳ್ಳನೆಯ ಸೂಪರ್ ಗ್ಲೂ ಒಂದು ಹನಿ ಇಳಿಸಿ ಬಿಡುವುದೇ ಜಾಣತನ. ಹಳೆಯ ಚಾಕುಗಳನ್ನು ಕೂಡಿಡುವವರು ಮೂಲ ಹಿಡಿಗೆ ಕೊಡುವ ಬೆಲೆಯನ್ನು ಎಷ್ಟೇ ಚೆಂದದ ಹೊಸ ಹಿಡಿಗೂ ಕೊಡುವುದಿಲ್ಲ. ಹೋಳು ಅರ್ಧಕ್ಕರ್ಧ ಹಾರಿಹೋಗಿ, ದಿನಬಳಕೆಗೆ ಬೇಕಾದ ಚಾಕುವಾಗಿದ್ದರೆ ಮಾತ್ರ ಸುತ್ತಿಗೆ ಎತ್ತಬಹುದು.

ಹೊಸ ಹೋಳಿಗೆ ಯಾವ ವಸ್ತು ಎಂಬಲ್ಲಿ ಕಾನೂನೂ ಅಡ್ಡಬರುತ್ತದೆ. ಶೆಫೀಲ್ಡ್‌ನ ಉತ್ತಮ ಚಾಕುಗಳ ಮೇಲೆ ಕಾಣುವ ಒರಟು ತೊಗಟೆಯ ಕಂದು ಕೊಂಬು ಬಹುಮಟ್ಟಿಗೆ ಭಾರತದ ಕಡವೆಯದು. ಬಂಡೀಪುರ, ನಾಗರಹೊಳೆಯಲ್ಲಿ ಓಡಾಡುವುದೂ ಅದೇ ಜಾತಿ. ಕಡವೆ ಉದುರಿಸಿದ ಕೊಂಬುಗಳನ್ನು ಆಯ್ದು ಹಡಗಿಗೇರಿಸುವ ವ್ಯಾಪಾರ ದೀರ್ಘಕಾಲ ನಡೆದು, 1990ರ ದಶಕದ ಕೊನೆಯಲ್ಲಿ ರಫ್ತು ನಿಷೇಧದೊಂದಿಗೆ ನಿಂತಿತು. ಈಗ ಕಾಡಿನಲ್ಲಿ ಸಿಕ್ಕಿದ ಕೊಂಬಿನಿಂದ ಹಿಡಿ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ದಂತ ಮತ್ತು ಆಮೆಚಿಪ್ಪಿನ ಮಾತಂತೂ ಎತ್ತುವಂತಿಲ್ಲ. ದನದ ಎಲುಬಿಗೆ ಗೀರು ಕೊರೆದು ಬಣ್ಣ ಹಾಕುವ ಪದ್ಧತಿ ಮೂಲದಲ್ಲಿ ಕಡವೆ ಕೊಂಬಿನ ಅನುಕರಣೆಯೇ. ಇಂದಿಗೂ ಅದು ಒಳ್ಳೆಯ ಬದಲಿ. ಎಮ್ಮೆ ಕೊಂಬು, ಬೀಟೆ, ಕರಿಮರ ಕೂಡ ಆಗುತ್ತವೆ. ಮೊದಲ ಸಲ ಕೈಹಾಕುವವರಿಗೆ ಮೈಕಾರ್ಟಾ ಮೇಲು: ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಈ ಹಲಗೆ ಸೀಳುವುದೂ ಇಲ್ಲ, ಉಬ್ಬುವುದೂ ಇಲ್ಲ. ಅದಕ್ಕೆ ಎಲುಬಿನ ಕಳೆ ಇಲ್ಲ ಎಂಬುದೂ ನಿಜವೇ.

ಬಿಚ್ಚುವ ಕೆಲಸ ಶುರುವಾಗುವುದು ಮೊಳೆಯ ಉಬ್ಬಿದ ತಲೆಯನ್ನು ಅರದಿಂದ ಸವೆಸುವುದರಿಂದ. ಬಳಿಕ ಮೊಳೆಗಿಂತ ಸಣ್ಣ ಪಂಚ್ ಇಟ್ಟು, ಅಡಿಯಲ್ಲಿ ತೂತಿರುವ ಕಟ್ಟಿಗೆಯ ಆಸರೆ ಕೊಟ್ಟು, ಅದನ್ನು ಆಚೆಗೆ ಹೊಡೆಯಬೇಕು. ಬೋಲ್‌ಸ್ಟರ್ ಒಳಗಿನ ಮೊಳೆ ಬಹಳ ಸಲ ಕಣ್ಣಿಗೇ ಬೀಳುವುದಿಲ್ಲ. ಬೋಲ್‌ಸ್ಟರ್‌ನ ಲೋಹವೂ ಮೊಳೆಯ ಲೋಹವೂ ಒಂದೇ ಆಗಿದ್ದರೆ, ತಟ್ಟಿ ಉಜ್ಜಿದ ಮೇಲೆ ಗೆರೆಯೇ ಉಳಿಯದು. ಅಂಥ ಮೊಳೆಯನ್ನು ಮುಟ್ಟದೆ ಬಿಡಲು ದಾರಿಯಿದ್ದರೆ ಬಿಡುವುದು ಒಳ್ಳೆಯದು. ಅಲಗಿನ ಸಂಧು ಹಾಗೇ ಉಳಿಯಲಿ ಎಂದು ಕೆಲವರು ಹಳೆಯ ಹೋಳನ್ನು ಚೂರುಚೂರಾಗಿ ಎಬ್ಬಿಸಿ, ಹೊಸದನ್ನು ಎಪಾಕ್ಸಿ ಅಂಟಿನಿಂದ ಕೂರಿಸುತ್ತಾರೆ. ಪರಿಶುದ್ಧರು ಮೂಗು ಮುರಿಯುವ ವಿಧಾನ ಇದು. ಹಣ್ಣು ಕೊಯ್ಯುವ ಚಾಕುವಿಗೆ ಇದೇ ಸಾಕು.

ಬಿಚ್ಚಿದ ತಗಡನ್ನು ಸಮತಟ್ಟು ಮಾಡಿ, 80ನೇ ನಂಬರಿನ ಸ್ಯಾಂಡ್ ಪೇಪರಿನಿಂದ ಒರಟಾಗಿಸಿ, ಜಿಡ್ಡು ಒರೆಸಬೇಕು. ಸುಮಾರು 3 ಮಿ.ಮೀ. ದಪ್ಪದ ಹೋಳಿನ ಒಂದು ಅಂಚನ್ನು ಬೋಲ್‌ಸ್ಟರ್‌ಗೆ ಕೂಡುವಂತೆ ಉಜ್ಜುವುದರಲ್ಲಿ ಅರ್ಧ ಕಲೆ ಇದೆ. ಎರಡನ್ನೂ ಕೂಡಿಸಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಇಣುಕಬಾರದು. ಇಲ್ಲಿ ಉಳಿದ ಸಂದಿಯನ್ನು ಯಾವ ಅಂಟೂ ಮುಚ್ಚಿಹಾಕದು. ತೂತನ್ನು ತಗಡಿನ ಕಡೆಯಿಂದ, ತಗಡಿನ ಹಳೆಯ ತೂತನ್ನೇ ದಾರಿಯಾಗಿಟ್ಟುಕೊಂಡು ಕೊರೆಯಬೇಕು. ಹೊರಮೈ ಚಕ್ಕೆ ಏಳದಂತೆ ಅಡಿಯಲ್ಲಿ ಹಲಗೆ ಇರಬೇಕು. ಎಲುಬನ್ನು, ಕೊಂಬನ್ನು ಉಜ್ಜುವಾಗ ಮುಖಕ್ಕೆ ಮಾಸ್ಕ್ ಕಡ್ಡಾಯ. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ವಾಸನೆಯಂತೂ ಮನೆಯವರಿಗೆ ಕೆಟ್ಟದ್ದು.

ಮರಳಿ ಕಟ್ಟುವಾಗ ಕೈ ಪರೀಕ್ಷೆಯಾಗುವುದು ಸ್ಪ್ರಿಂಗಿನ ಹತ್ತಿರ. ಅಲಗಿನ ಮೊಳೆ, ಸ್ಪ್ರಿಂಗಿನ ಹಿಂತುದಿಯ ಮೊಳೆ ಎರಡನ್ನೂ ಕೂರಿಸಿದಾಗ ಸ್ಪ್ರಿಂಗಿನ ನಡುತೂತು ಹಿಡಿಯ ತೂತಿಗೆ ಸರಿಹೊಂದುವುದಿಲ್ಲ, ಸ್ವಲ್ಪ ಮೇಲಕ್ಕೇ ನಿಲ್ಲುತ್ತದೆ. ಬೇಕೆಂದೇ ಬಿಟ್ಟ ವ್ಯತ್ಯಾಸ ಅದು. ಸ್ಪ್ರಿಂಗನ್ನು ವೈಸ್‌ನಲ್ಲಿ ಮೆಲ್ಲಗೆ ಒತ್ತಿ, ಮೊನೆ ಚೂಪು ಮಾಡಿದ ಮೊಳೆಯನ್ನು ತೂರಿಸಿದಾಗ ಅದರೊಳಗೆ ಬಿಗಿತ ಕೂರುತ್ತದೆ. ಅಲಗು ಟಕ್ಕನೆ ತೆರೆದು ಟಕ್ಕನೆ ಮುಚ್ಚುವುದು ಈ ಬಿಗಿತದಿಂದ.

ಮೊಳೆ ಹೆಚ್ಚಾಗಿ 1.6 ಮಿ.ಮೀ. ದಪ್ಪದ ಹಿತ್ತಾಳೆ ಅಥವಾ ನಿಕಲ್ ಸಿಲ್ವರ್ ತಂತಿ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಇದರಲ್ಲಿ ಇರುವುದು ತಾಮ್ರ, ನಿಕಲ್, ಸತುವು ಮಾತ್ರ. ತಂತಿಯನ್ನು ಮೊದಲು ಕಾಯಿಸಿ ಮೆದುಮಾಡಿಕೊಂಡರೆ ಹೋಳಿನ ಮೇಲೆ ಏಟು ಕಡಿಮೆ ಬೀಳುತ್ತದೆ. ಎರಡೂ ಕಡೆ ಸುಮಾರು ಒಂದು ಮಿ.ಮೀ. ಹೊರಗೆ ಬಿಟ್ಟು, ತೂತಿನ ಬಾಯಿಯನ್ನು ತುಸು ಅಗಲಿಸಿ, ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ, ಆಗಾಗ ಚಾಕುವನ್ನು ಮಗುಚುತ್ತ ಹೋಗಬೇಕು. ತುದಿ ನಿಧಾನಕ್ಕೆ ಅರಳಿ ತೂತಿನ ಬಾಯಿ ತುಂಬುತ್ತದೆ. ಎಲುಬಿನ ಚಾಕುಗಳು ಅತಿ ಹೆಚ್ಚು ಸೀಳುವುದು ಈ ಹಂತದಲ್ಲಿ, ಅದೂ ಕೊನೆಯ ಎರಡು ಏಟಿನಲ್ಲಿ. ಅಲಗಿನ ಮೊಳೆಯನ್ನು ತಟ್ಟುವಾಗ ಅಲಗಿನ ಪಕ್ಕದಲ್ಲಿ ತೆಳ್ಳನೆಯ ಲೋಹದ ಹಾಳೆಯ ಚೂರು ಇಟ್ಟು ಆಮೇಲೆ ಎಳೆದುಕೊಂಡರೆ, ತಿರುಗಲು ಬೇಕಾದಷ್ಟು ಸಡಿಲ ಉಳಿಯುತ್ತದೆ.

ಎಲ್ಲ ಚಾಕುಗಳೂ ಇಷ್ಟು ಸತಾಯಿಸುವುದಿಲ್ಲ. ಕಾರ್ಲ್ ಎಲ್ಸೆನರ್ 1884ರಲ್ಲಿ ಕಟ್ಟಿದ ಸ್ವಿಸ್ ಕಾರ್ಖಾನೆಯ ವಿಕ್ಟೋರಿನಾಕ್ಸ್ ಚಾಕುಗಳಲ್ಲಿ ಕೆಂಪು ಪ್ಲಾಸ್ಟಿಕ್ ಹೋಳು ರಿವೆಟ್ಟಿನ ತಲೆಗಳ ಮೇಲೆ ಒತ್ತಿ ಕೂತಿರುತ್ತದೆ. ಚಿಮಟ, ಹಲ್ಲುಕಡ್ಡಿ ತೆಗೆದು, ತೆಳು ಅಲಗಿನಿಂದ ಮೀಟಿದರೆ ಹಳೆಯದು ಏಳುತ್ತದೆ. ಬಟ್ಟೆ ಸುತ್ತಿ ವೈಸ್‌ನಲ್ಲಿ ಒತ್ತಿದರೆ ಹೊಸದು ಕೂರುತ್ತದೆ. ಫ್ರಾನ್ಸಿನ ಸವೋಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್‌ನಲ್ಲಿ ಬೆನ್ನಿನ ಸ್ಪ್ರಿಂಗೇ ಇಲ್ಲ. ಒಂದೇ ತುಂಡಿನ ಬೀಚ್ ಮರದ ಹಿಡಿಗೆ ಸೀಳು ಕೊರೆದು, ಒಂದೇ ಮೊಳೆಯಿಂದ ಅಲಗನ್ನು ಸೇರಿಸಿರುತ್ತಾರೆ. 1955ರಲ್ಲಿ ಬಂದ ಬೀಗದುಂಗುರವನ್ನು ಸರ್ಕ್ಲಿಪ್ ಇಕ್ಕಳದಿಂದ ತೆಗೆದರೆ ಆ ಮೊಳೆ ಕೈಗೆ ಸಿಗುತ್ತದೆ. ನೀರು ಕುಡಿದ ಒಪಿನೆಲ್‌ನ ಅಲಗು ಬಿಗಿದುಕೊಂಡರೆ ಒಣಗಲು ಬಿಡಬೇಕು. ಹಿಡಿ ಬದಲಿಸುವ ಅಗತ್ಯವಿಲ್ಲ.

ಮತ್ತೆ ಹಳೆಯ ಮಾದರಿಯ ಚಾಕುವಿಗೆ ಬಂದರೆ, ಹಚ್ಚಿದ ಅಂಟು ಪೂರ್ತಿ ಗಟ್ಟಿಯಾದ ಮೇಲೆ ಹೋಳನ್ನು ಅರದಿಂದ ಬೋಲ್‌ಸ್ಟರ್ ಮಟ್ಟಕ್ಕೆ ಇಳಿಸಿ, 220, 400, 600 ನಂಬರಿನ ಕಾಗದಗಳಿಂದ ಕ್ರಮವಾಗಿ ಉಜ್ಜಬೇಕು. ಯಂತ್ರದಲ್ಲಿ ಉಜ್ಜುವವರು ಬೆರಳಿಗೆ ಬಿಸಿ ತಾಕಿದೊಡನೆ ನಿಲ್ಲಿಸಬೇಕು; ಬಿಸಿಗೆ ಎಪಾಕ್ಸಿ ಮೆತ್ತಗಾಗುತ್ತದೆ, ಎಲುಬು ಕಪ್ಪಾಗುತ್ತದೆ. ಸಂಧಿನೊಳಗೆ ಸೇರಿದ ಪುಡಿಯನ್ನು ತೊಳೆದು, ಅಲಗು ತಿರುಗುವಲ್ಲಿ ಒಂದು ಹನಿ ಎಣ್ಣೆ ಬಿಡಬೇಕು. ಮರದ ಹೋಳಿಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಸವರಿ ಒಣಗಿಸಿದರೆ ಆಯಿತು. ಮೊದಲ ಮಳೆಗಾಲದಲ್ಲಿ ಅದು ತುಸು ಉಬ್ಬಿ ಬೋಲ್‌ಸ್ಟರ್‌ಗಿಂತ ಮೇಲೆ ನಿಂತು ಬೆರಳಿಗೆ ತಟ್ಟಬಹುದು. ಮರ ಮತ್ತೆ ಒಣಗಿದಾಗ ಬಹುಪಾಲು ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ 600ರ ಕಾಗದದಿಂದ ಇನ್ನೊಮ್ಮೆ ಸವರಿ ಎಣ್ಣೆ ಒರೆಸಿದರೆ ಸರಿಹೋಗುತ್ತದೆ.