ಕುಡದ್ರ ಎಲ್ಲಿಗೆ ಹೋಗೂದ್ರಿ?

ಬೇಸಿಗೆ ಬಂತು ಅಂದ್ರೆ ಬಾಗಲಕೋಟೆ ಬಿಸಿಲು 40 ಡಿಗ್ರಿ ಮುಟ್ಟುತ್ತೆ. ಇಳಕಲ್ಲಿನಲ್ಲಿ ಕೈಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುವವರು, ಹುನಗುಂದದ ಎರೆಹೊಲಕ್ಕೆ ಕೂಲಿಗೆ ಹೋಗುವವರು, ಬಾದಾಮಿಯ ಬನಶಂಕರಿ ಗುಡಿ ಹತ್ತಿರ ರೊಟ್ಟಿ ಬುಟ್ಟಿ ಹೊತ್ತು ಮಾರುವ ಅಕ್ಕಂದಿರು. ಇಂಥ ಹೆಣ್ಣುಮಕ್ಕಳಿಗೆ 'ನೀರು ಜಾಸ್ತಿ ಕುಡೀರಿ' ಅಂದ್ರೆ ಬರೋ ಮರುಪ್ರಶ್ನೆ ಒಂದೇ: 'ಕುಡದ್ರ ಎಲ್ಲಿಗೆ ಹೋಗೂದ್ರಿ?'

ಕಿಡ್ನಿ ಸೋಂಕಿನ ಕಥೆ ಶುರುವಾಗೋದು ಈ ಪ್ರಶ್ನೆಯಿಂದಲೇ.

ನಾನು ಡಾಕ್ಟರ್ ಅಲ್ಲ, ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಪೈಪಿನ ಲೆಕ್ಕದಲ್ಲೇ ಹೇಳ್ತೀನಿ. ಮೂತ್ರ ಹರಿಯೋದು ಮೇಲಿಂದ ಕೆಳಕ್ಕೆ: ಕಿಡ್ನಿಯಿಂದ ಮೂತ್ರಕೋಶಕ್ಕೆ, ಅಲ್ಲಿಂದ ಹೊರಕ್ಕೆ. ಸೋಂಕು ಬಹುತೇಕ ಬರೋದು ಉಲ್ಟಾ ದಿಕ್ಕಿನಲ್ಲಿ. ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಮೂತ್ರದ್ವಾರದಿಂದ ಒಳಹೊಕ್ಕು, ಮೂತ್ರಕೋಶದಲ್ಲಿ ಬೆಳೆದು, ಕಿಡ್ನಿಗೆ ಏರುತ್ತೆ. ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್, ಹೆಂಗಸರಲ್ಲಿ ಬರೀ 4. ಅವರಿಗೆ ಈ ತೊಂದರೆ ಹೆಚ್ಚಾಗೋದಕ್ಕೆ ಇದೇ ಮುಖ್ಯ ಕಾರಣ.

ಆಗಾಗ ಮೂತ್ರ ಹೋಗ್ತಿದ್ರೆ ಬ್ಯಾಕ್ಟೀರಿಯಾ ತೊಳೆದುಹೋಗುತ್ತೆ. ನೀರು ಕುಡಿಯದೆ, ಬೆಳಗಿಂದ ಸಂಜೆವರೆಗೆ ತಡೆದುಕೊಂಡ್ರೆ ಅದಕ್ಕೆ ಬೆಳೆಯಲು ಪುರುಸೊತ್ತು ಸಿಗುತ್ತೆ. ಹರಿವಿಗೆ ಅಡ್ಡ ಬರುವ ಕಿಡ್ನಿ ಕಲ್ಲು, ವಯಸ್ಸಾದ ಗಂಡಸರಲ್ಲಿ ಊದಿಕೊಳ್ಳುವ ಪ್ರಾಸ್ಟೇಟ್ ಗ್ರಂಥಿ, ಸಕ್ಕರೆ ಕಾಯಿಲೆ, ಬಸಿರು, ಮೂತ್ರಕ್ಕೆ ಹಾಕಿದ ಕ್ಯಾತಿಟರ್ ಇವೂ ಅಪಾಯ ಹೆಚ್ಚಿಸುತ್ತವೆ.

ಉರಿಮೂತ್ರ ಬಂದ್ರೆ ನಮ್ಮಲ್ಲಿ 'ಉಷ್ಣ ಆಗೇತಿ' ಅಂತ ಎಳನೀರು ಕುಡಿದು ಸುಮ್ಮನಾಗ್ತಾರೆ. ಅದರ ಜೊತೆ ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಬಂದ್ರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಬಸುರಿಯರಂತೂ ಬರೀ ಉರಿ ಇದ್ರೂ ತೋರಿಸಿ. ಮೂತ್ರ ಪರೀಕ್ಷೆ ಆಗಲಿ, ಡಾಕ್ಟರ್ ಬರೆದ ಆಂಟಿಬಯೋಟಿಕ್ ಪೂರ್ತಿ ಮುಗಿಸಿ. ಎರಡು ಗುಳಿಗೆಗೆ ಜ್ವರ ಇಳೀತು ಅಂತ ಉಳಿದದ್ದನ್ನ ಗೂಡಿನಲ್ಲಿಡಬೇಡಿ. ಸೋಂಕು ರಕ್ತಕ್ಕೆ ಸೇರಿದ್ರೆ ಜೀವಕ್ಕೇ ಕುತ್ತು.

ಇಷ್ಟು ಹೇಳಿದ್ರೂ ಆ ಅಕ್ಕನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅದನ್ನ ಡಾಕ್ಟರ್ ಕೊಡೋಕೆ ಆಗಲ್ಲ. ಮಗ್ಗದ ಶೆಡ್ ಮಾಲೀಕರೇ, ಗುತ್ತಿಗೆದಾರರೇ, ಪಂಚಾಯಿತಿ ಸದಸ್ಯರೇ, ಅದು ನಿಮ್ಮ ಕೈಯಲ್ಲಿದೆ. ಶೌಚಾಲಯ ಇಲ್ಲದ ಕಡೆ ಕಟ್ಟಿಸಿ, ಇರೋ ಕಡೆ ನಲ್ಲಿಗೆ ನೀರು ಬಿಡಿ, ಮೊದಲು ಬಾಗಿಲಿನ ಬೀಗ ತೆಗೀರಿ.